ಏಳು ಮಂದಿ, ಏಳು ಆಸೆ: ಕಲಬುರಗಿಯ ಮನೆಯೊಂದರ ಶ್ರೀಲಂಕಾ ಪ್ರವಾಸ

ಹಿನ್ನೆಲೆ

ಕಲಬುರಗಿ ನಗರದ ಒಂದು ಕೂಡು ಕುಟುಂಬ ಏಪ್ರಿಲ್‌ನಲ್ಲಿ ಶ್ರೀಲಂಕಾಕ್ಕೆ ಹೋಗಿ ಬಂತು. ಏಳು ಮಂದಿ, ಎಂಟು ರಾತ್ರಿ, ಹಲವು ಊರು. ಹೊರಡುವ ಮುಂಚೆ ಯೋಜನೆ ತಿದ್ದುವಾಗ ನಾನು ಅವರ ಜೊತೆ ಕೂತಿದ್ದೆ. ಬಂದ ಮೇಲೆ ಒಬ್ಬೊಬ್ಬರ ಮಾತನ್ನೂ ಕೇಳಿದೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳಿಲ್ಲ, ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಆ ಮನೆಯ ಮಕ್ಕಳು ಹೇಗೆ ಕರೆಯುತ್ತಾರೋ ಹಾಗೆಯೇ ನಾನೂ ಇಲ್ಲಿ ಕರೆಯುತ್ತೇನೆ.

ಅಜ್ಜನಿಗೆ ಎಪ್ಪತ್ತು ದಾಟಿದೆ, ನಿವೃತ್ತ ಶಿಕ್ಷಕರು. ಅಜ್ಜಿಗೆ ಮಂಡಿ ನೋವು, ಜೊತೆಗೆ ಸಕ್ಕರೆ ಕಾಯಿಲೆ. ಅಪ್ಪನದು ತೊಗರಿ ಬೇಳೆ ವ್ಯಾಪಾರ. ಅಮ್ಮ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಅಪ್ಪನ ತಂಗಿ, ಅಂದರೆ ಅತ್ತೆ, ಆಸ್ಪತ್ರೆಯೊಂದರಲ್ಲಿ ನರ್ಸ್. ದೊಡ್ಡವಳು ಒಂಬತ್ತನೇ ತರಗತಿ ಮುಗಿಸಿದ್ದಳು. ಸಣ್ಣವನಿಗೆ ಆರು ವರ್ಷ. ಮನೆಯಲ್ಲಿ ಎಲ್ಲರೂ ಅಪ್ಪಟ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಏಪ್ರಿಲ್ ಯಾಕೆ? ತೊಗರಿ ರಾಶಿ ಮುಗಿದು, ಮಾರ್ಕೆಟ್ ಗದ್ದಲ ತಗ್ಗುವುದು ಮಾರ್ಚ್ ಹೊತ್ತಿಗೆ. ಮಕ್ಕಳ ಪರೀಕ್ಷೆ ಮುಗಿಯುವುದು ಏಪ್ರಿಲ್ ಮೊದಲ ವಾರ. ಆಮೇಲೆ ಕಲಬುರಗಿಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಹೊರಗೆ ಕಾಲಿಡುವ ಹಾಗಿರುವುದಿಲ್ಲ. ನಮ್ಮ ಕಡೆಯ ಬಹಳ ಮನೆಗಳು ಇದೇ ಲೆಕ್ಕದಲ್ಲಿ ಏಪ್ರಿಲ್ ಆರಿಸುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೋಗುವ ದೇಶದಲ್ಲಿ ಏಪ್ರಿಲ್ ಅಂದರೆ ಏನು ಎಂಬುದನ್ನೂ ನೋಡಬೇಕಲ್ವಾ?

ಸಮಸ್ಯೆ

ಅವರ ಕೈಯಲ್ಲಿದ್ದ ಪ್ಯಾಕೇಜ್ ಹಾಳೆಯಲ್ಲಿ ಎಂಟು ರಾತ್ರಿಗೆ ಎಂಟು ಊರು ಇದ್ದವು. ಕೊಲಂಬೊ, ಸಿಗಿರಿಯಾ, ಟ್ರಿಂಕೋಮಲಿ, ಕ್ಯಾಂಡಿ, ನುವರ ಎಲಿಯ, ಬಂಡಾರವೇಲ, ಯಾಲ ಕಾಡು, ಕೊನೆಗೆ ಮಿರಿಸ್ಸ ಕಡಲತೀರ. ಟಿಕೆಟ್ ಬುಕ್ ಮಾಡಿದ ಏಜೆಂಟ್ ಇದನ್ನೇ ದೊಡ್ಡ ಲಾಭವೆಂದು ಹೇಳಿದ್ದರು. ಅಷ್ಟು ದುಡ್ಡಿಗೆ ಇಡೀ ದೇಶ ನೋಡಿದ ಹಾಗೆ ಆಗುತ್ತದೆ ಅಂತ.

ನಕ್ಷೆಯಲ್ಲಿ ಶ್ರೀಲಂಕಾ ಸಣ್ಣದಾಗಿ ಕಾಣುತ್ತದೆ. ಕರ್ನಾಟಕದ ಮೂರನೇ ಒಂದು ಭಾಗದಷ್ಟು ನೆಲ. ಕ್ಯಾಂಡಿಯಿಂದ ನುವರ ಎಲಿಯಕ್ಕೆ 80 ಕಿಲೋಮೀಟರ್ ಕೂಡ ಇಲ್ಲ. ಕಲಬುರಗಿಯಿಂದ ಹುಮನಾಬಾದ್ ದಾಟಿ ಸ್ವಲ್ಪ ಮುಂದೆ ಹೋದಷ್ಟು. ಆದರೆ ಆ ದಾರಿ ಸುಮಾರು 500 ಮೀಟರ್ ಎತ್ತರದಿಂದ 1,868 ಮೀಟರ್‌ಗೆ ಏರುತ್ತದೆ, ತಿರುವಿನ ಮೇಲೆ ತಿರುವು. ಅಲ್ಲಿನ ಬೆಟ್ಟದ ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಸಾಗಿದರೆ ಚೆನ್ನಾಗಿ ಹೋದ ಹಾಗೆ. ನಾವು ಬಯಲು ಸೀಮೆಯವರು. ಎರೆ ಹೊಲದ ನಡುವಿನ ನೇರ ದಾರಿಯಲ್ಲಿ ಓಡಾಡಿದವರಿಗೆ ಕಿಲೋಮೀಟರ್ ನೋಡಿ ಹೊತ್ತು ಅಂದಾಜು ಮಾಡುವ ರೂಢಿ. ಘಟ್ಟದಲ್ಲಿ ಆ ಅಂದಾಜು ನಡೆಯುವುದಿಲ್ಲ.

ಹಾಳೆಯಲ್ಲಿ ಮೊದಲ ದಿನ ಶುರುವಾಗುತ್ತಿದ್ದದ್ದು ಕೊಲಂಬೊ ವಿಮಾನ ನಿಲ್ದಾಣದಿಂದ. ಈ ಮನೆಯವರ ಮೊದಲ ದಿನ ಶುರುವಾಗುವುದು ಕಲಬುರಗಿಯ ಮನೆ ಬಾಗಿಲಿನಿಂದ. ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ತಲುಪಲು ಐದು ಗಂಟೆ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟವೇನೋ ಎರಡು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಇಳಿಯುವ ಹೊತ್ತಿಗೆ ಅಜ್ಜಿ ಹತ್ತು ಗಂಟೆಗೂ ಜಾಸ್ತಿ ಕಾಲು ಮಡಚಿ ಕೂತಿರುತ್ತಾರೆ. ಹಾಳೆ ಆ ಸಂಜೆಯೇ ಕೊಲಂಬೊ ನಗರ ದರ್ಶನ ಅನ್ನುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಏಪ್ರಿಲ್ 13 ಮತ್ತು 14 ಸಿಂಹಳ ಮತ್ತು ತಮಿಳು ಹೊಸ ವರ್ಷ. ಶ್ರೀಲಂಕಾದ ಅತಿ ದೊಡ್ಡ ಹಬ್ಬಗಳಲ್ಲಿ ಒಂದು. ಕೊಲಂಬೊದಲ್ಲಿ ದುಡಿಯುವವರೆಲ್ಲ ಊರಿಗೆ ಹೊರಡುತ್ತಾರೆ. ಬಸ್ಸು, ರೈಲು ತುಂಬಿ ತುಳುಕುತ್ತವೆ. ಅಂಗಡಿ, ಸಣ್ಣ ಹೋಟೆಲ್‌ಗಳು ಬಾಗಿಲು ಹಾಕುತ್ತವೆ. ಅದೇ ಹೊತ್ತಿಗೆ ನುವರ ಎಲಿಯದಲ್ಲಿ ಏಪ್ರಿಲ್ ಸೀಸನ್, ಹೂವಿನ ಪ್ರದರ್ಶನ, ಕುದುರೆ ರೇಸು. ತಂಪು ಹುಡುಕಿ ಬರುವ ಜನರಿಂದ ರೂಮಿನ ಬಾಡಿಗೆ ಏರುತ್ತದೆ, ರಸ್ತೆ ಕಟ್ಟಿಕೊಳ್ಳುತ್ತದೆ. ಹಾಳೆಯ ಪ್ರಕಾರ ಇವರು 14ಕ್ಕೆ ಕ್ಯಾಂಡಿಯಲ್ಲಿ, 15ಕ್ಕೆ ನುವರ ಎಲಿಯದಲ್ಲಿ ಇರಬೇಕಿತ್ತು.

ವಿಮಾನದ ಟಿಕೆಟ್ ಆಗಲೇ ಕೈಯಲ್ಲಿತ್ತು. ಏಳು ಮಂದಿಯ ದಿನಾಂಕ ಬದಲಿಸಲು ಆಗುವ ಖರ್ಚು ಚಿಕ್ಕದಲ್ಲ. ತಿಂಗಳ ಕೊನೆಗೆ ಸರಿಸಿದರೆ ಇನ್ನೊಂದು ತೊಂದರೆ ಇತ್ತು. ಮೇ ತಿಂಗಳಿಗೆ ನೈಋತ್ಯ ಮಾನ್ಸೂನ್ ಬಂದು ದಕ್ಷಿಣ ಮತ್ತು ಪಶ್ಚಿಮದ ಕಡಲು ಒರಟಾಗುತ್ತದೆ. ಹಾಗಾಗಿ ದಿನಾಂಕ ಹಾಗೇ ಇಟ್ಟು, ದಾರಿಯನ್ನೇ ಬೇರೆ ಮಾಡುವುದೆಂದು ತೀರ್ಮಾನವಾಯಿತು.

ಏನು ಮಾಡಿದರು

ಊರುಗಳ ಪಟ್ಟಿ ಪಕ್ಕಕ್ಕಿಟ್ಟು ಅವರ ಮುಂದೆ ಒಂದು ಖಾಲಿ ಹಾಳೆ ಇಟ್ಟೆ. ಒಬ್ಬೊಬ್ಬರೂ ಒಂದೇ ಒಂದು ಆಸೆ ಹೇಳಬೇಕು. ಊರಿನ ಹೆಸರು ಹೇಳಲೇಬೇಕೆಂದಿಲ್ಲ, ಏನು ಬೇಕೋ ಅದು.

ಅಜ್ಜ ಮೊದಲು ಮಾತಾಡಲಿಲ್ಲ. ಮೊಮ್ಮಗಳು ಒತ್ತಾಯ ಮಾಡಿದ ಮೇಲೆ ಅನುರಾಧಪುರ ಅಂದರು. ಪ್ಯಾಕೇಜ್‌ನಲ್ಲಿ ಆ ಹೆಸರೇ ಇರಲಿಲ್ಲ. ಅವರು ಚಿತ್ತಾಪುರ ಕಡೆ ಕೆಲಸ ಮಾಡಿದವರು. ಸನ್ನತಿ ಹತ್ತಿರದ ಕನಗನಹಳ್ಳಿಯ ಸ್ತೂಪವನ್ನೂ, ‘ರಾಯೊ ಅಸೋಕೊ’ ಎಂದು ಬರೆದ ಅಶೋಕನ ಶಿಲ್ಪವನ್ನೂ ವರ್ಷವರ್ಷ ಮಕ್ಕಳಿಗೆ ತೋರಿಸಿದವರು. ಅಶೋಕನ ಮಗಳು ಸಂಘಮಿತ್ತೆ ತೆಗೆದುಕೊಂಡು ಹೋದ ಬೋಧಿ ವೃಕ್ಷದ ಕೊಂಬೆ ಅನುರಾಧಪುರದಲ್ಲಿ ಇಂದಿಗೂ ಮರವಾಗಿ ನಿಂತಿದೆ ಎಂಬ ನಂಬಿಕೆ ಇದೆ. ಅದನ್ನು ನೋಡಬೇಕು ಅಂತ ಅವರಿಗೆ ಎಷ್ಟು ವರ್ಷದಿಂದ ಇತ್ತೋ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿಗೆ ನುವರ ಎಲಿಯ ಹತ್ತಿರದ ಸೀತಾ ಎಲಿಯದಲ್ಲಿರುವ ಸೀತಮ್ಮನ ಗುಡಿ ಬೇಕಿತ್ತು. ಅಶೋಕವನ ಅದೇ ಎಂದು ಜನ ನಂಬುವ ಜಾಗ. ಅತ್ತೆಗೆ ಸಿಗಿರಿಯಾ ಬಂಡೆ ಹತ್ತಬೇಕಿತ್ತು. ದೊಡ್ಡವಳಿಗೆ ತಿಮಿಂಗಿಲ. ಸಣ್ಣವನಿಗೆ ಬೆಟ್ಟದ ರೈಲು. ಅಮ್ಮ ಹೇಳಿದ್ದು ಹೀಗೆ: “ಮೂರು ದಿನ ಒಂದೇ ರೂಮಿನಾಗ ಇರ್ಬೇಕ್ರಿ. ದಿನಾ ಮುಂಜಾನೆ ಬ್ಯಾಗ್ ಕಟ್ಟೂದು ಬ್ಯಾಡ.” ಅಪ್ಪನಿಗೆ ಒಂದು ದಿನವಾದರೂ ಫೋನ್ ಇಲ್ಲದೆ ಸುಮ್ನೆ ಮಲಗಬೇಕಿತ್ತು.

ಏಳು ಆಸೆಗಳಲ್ಲಿ ಎರಡಕ್ಕೆ ಊರೇ ಬೇಕಿರಲಿಲ್ಲ. ಎಂಟು ಊರುಗಳ ಪೈಕಿ ಟ್ರಿಂಕೋಮಲಿ, ಯಾಲ, ಕೊಲಂಬೊ ಯಾರ ಬಾಯಿಂದಲೂ ಬರಲಿಲ್ಲ. ಹಾಗಾಗಿ ಮೂರನ್ನೂ ತೆಗೆದರು. ಪ್ರವಾಸ ತಿದ್ದುವಾಗ ಯಾವುದನ್ನು ಬಿಡಬೇಕು ಎಂದು ಕೇಳಿದರೆ ಮನೆಯಲ್ಲಿ ಜಗಳ ಶುರುವಾಗುತ್ತದೆ. ಯಾರಿಗೆ ಏನು ಬೇಕು ಎಂದು ಕೇಳಿದರೆ ಬಿಡಬೇಕಾದದ್ದು ತಾನೇ ಹೊರಗೆ ಬೀಳುತ್ತದೆ. ಈ ಪ್ರಕರಣದಿಂದ ಬೇರೆಯವರು ತೆಗೆದುಕೊಳ್ಳಬಹುದಾದ ಮೊದಲ ಮಾತು ಇದೇ ಅಂತ ನನಗನಿಸುತ್ತದೆ.

ಹೊಸ ಯೋಜನೆ ಹೀಗಾಯಿತು. 11ಕ್ಕೆ ಇಳಿದು, ವಿಮಾನ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲಿ ರಾತ್ರಿ. 12, 13, 14 ಹಬರಣ ಹತ್ತಿರದ ಒಂದೇ ಹೋಟೆಲ್‌ನಲ್ಲಿ. ಅನುರಾಧಪುರ, ಸಿಗಿರಿಯಾ ಎರಡಕ್ಕೂ ಅಲ್ಲಿಂದ ಹೋಗಿಬರಬಹುದು, ಹಬ್ಬದ ದಿನ ದೂರದ ದಾರಿ ಹಿಡಿಯುವುದೇ ಬೇಡ. 15 ಕ್ಯಾಂಡಿ. 16ಕ್ಕೆ ನುವರ ಎಲಿಯ ಮೇಲೆ ಸೀತಮ್ಮನ ಗುಡಿ ನೋಡಿಕೊಂಡು ಬಂಡಾರವೇಲಕ್ಕೆ. 17, 18 ಮಿರಿಸ್ಸ. 19ರ ಮಧ್ಯಾಹ್ನ ವಾಪಸ್ ವಿಮಾನ. ತಿಮಿಂಗಿಲ ನೋಡುವ ದೋಣಿ 18ರ ಮುಂಜಾನೆ. ಮಿರಿಸ್ಸದಲ್ಲಿ ಅದರ ಸೀಸನ್ ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಹಾಗಾಗಿ ಇದು ಕೊನೆಯ ದಿನಗಳು.

ಬೆಟ್ಟದ ರೈಲಿಗೆ ರಿಸರ್ವ್ ಸೀಟು ಸಿಗಲಿಲ್ಲ. ಅಲ್ಲಿ ಬುಕಿಂಗ್ ಶುರುವಾಗುವುದೇ ಒಂದು ತಿಂಗಳು ಮುಂಚೆ, ಹಬ್ಬದ ವಾರವಂತೂ ನೋಡುನೋಡುತ್ತಲೇ ಮುಗಿದುಹೋಗುತ್ತದೆ. ಆಗ ಅಮ್ಮ ಒಂದು ಒಳ್ಳೆಯ ಮಾತು ಹೇಳಿದರು. ಹುಡುಗನಿಗೆ ಬೇಕಾದದ್ದು ರೈಲು, ಏಳು ಗಂಟೆ ಹೊತ್ತು ಕೂರುವ ರೈಲು ಅಂತ ಅವನೇನೂ ಹೇಳಿಲ್ಲವಲ್ಲ. ಬಂಡಾರವೇಲದಿಂದ ದೆಮೊದರವರೆಗೆ ಸಾಮಾನ್ಯ ಬೋಗಿಯಲ್ಲಿ ಹೋದರೂ ಒಂಬತ್ತು ಕಮಾನಿನ ಸೇತುವೆ ಮೇಲೆ ಹೋಗಬಹುದು. 1921ರಲ್ಲಿ ಉಕ್ಕಿಲ್ಲದೆ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿದ ಸೇತುವೆ ಅದು. ದೆಮೊದರದಲ್ಲಿ ಹಳಿ ಒಂದು ಸುತ್ತು ಹಾಕಿ ಸ್ಟೇಷನ್ನಿನ ಅಡಿಯಿಂದಲೇ ಹಾದುಹೋಗುತ್ತದೆ. ಆರು ವರ್ಷದವನಿಗೆ ಇದಕ್ಕಿಂತ ಇನ್ನೇನು ಬೇಕು!

ಇನ್ನೊಂದು ವಿಷಯವನ್ನು ಹೊರಡುವ ಮುಂಚೆಯೇ ಗಟ್ಟಿ ಮಾಡಿಕೊಂಡರು. ದಾರಿಯಲ್ಲಿ ಮಾತು ಕೂಡದಿದ್ದರೆ ಯಾರ ಮಾತು ಕೊನೆಯದು? ದುಡ್ಡಿನ ವಿಷಯಕ್ಕೆ ಅಪ್ಪ, ಆರೋಗ್ಯದ ವಿಷಯಕ್ಕೆ ಅತ್ತೆ. ಎರಡೂ ಒಟ್ಟಿಗೆ ಬಂದರೆ ಅತ್ತೆಯ ಮಾತೇ ನಡೆಯಬೇಕು. ಅಪ್ಪ ಆಗ ಸುಲಭವಾಗಿ ಹೂಂ ಅಂದರು.

ಮೊದಲ ಐದು ದಿನ

ಏಳು ಮಂದಿಗೆ ಅಲ್ಲಿ ಕೆಡಿಎಚ್ ಎಂದು ಕರೆಯುವ ಒಂದು ದೊಡ್ಡ ವ್ಯಾನು, ಸಿಂಹಳ ಚಾಲಕ. ಚಾಲಕನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಅಮ್ಮ ಮತ್ತು ದೊಡ್ಡವಳು ಮಾತಾಡಿಸುತ್ತಿದ್ದರು.

ಅನುರಾಧಪುರಕ್ಕೆ 12ರ ಬೆಳಿಗ್ಗೆ ನೆಗೊಂಬೊದಿಂದಲೇ ಹೋದರು. ತಲುಪಿದಾಗ ಹನ್ನೊಂದು ಗಂಟೆ. ಅಲ್ಲಿನ ಪವಿತ್ರ ಜಾಗಗಳಲ್ಲಿ ಚಪ್ಪಲಿ, ಟೋಪಿ ತೆಗೆಯಬೇಕು, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಏಪ್ರಿಲ್ ಬಿಸಿಲಿಗೆ ಕಲ್ಲುಹಾಸು ಕಾದು ಸುಡುತ್ತಿತ್ತು. ಕಲಬುರಗಿಯ ಬಿಸಿಲು ಕಂಡವರು ನಾವು ಅಂದುಕೊಂಡಿದ್ದರು, ಆದರೆ ಅಲ್ಲಿನದು ಬೆವರಿಳಿಸುವ ಬಿಸಿಲು. ಅತ್ತೆ ಬ್ಯಾಗಿನಿಂದ ಎಲ್ಲರ ಕಾಲುಚೀಲ ತೆಗೆದು ಕೊಟ್ಟರು. ಬೋಧಿ ಮರ ಮತ್ತು ರುವನ್ವೆಲಿಸಾಯ ಸ್ತೂಪ, ಎರಡೇ ನೋಡಿದರು. ಅಜ್ಜ ಮರದ ಕಟ್ಟೆಯ ಬಳಿ ಬಹಳ ಹೊತ್ತು ಕೂತರು. ಯಾರೂ ಅವರನ್ನು ಎಬ್ಬಿಸಲಿಲ್ಲ. ಮೂರನೇ ಜಾಗಕ್ಕೆ ಹೋಗಲು ಹೊತ್ತಿದ್ದರೂ ಬಿಟ್ಟರು. ಒಂದು ಆಸೆಯನ್ನು ಪೂರ್ತಿ ತೀರಿಸಲು ಎರಡು ಜಾಗ ಬಿಡಬೇಕಾಗುತ್ತದೆ ಎಂಬುದನ್ನು ಈ ಮನೆ ಮೊದಲ ದಿನವೇ ಒಪ್ಪಿಕೊಂಡಿತು. ಮುಂದೆ ಅದು ಕೆಲಸಕ್ಕೆ ಬಂತು.

ಸಿಗಿರಿಯಾಕ್ಕೆ 13ರ ನಸುಕಿನಲ್ಲಿ ಅತ್ತೆ, ಅಪ್ಪ, ದೊಡ್ಡವಳು ಮೂವರೇ ಹೋದರು. ಸುಮಾರು 1,200 ಮೆಟ್ಟಿಲು. ಐದನೇ ಶತಮಾನದಲ್ಲಿ ಕಶ್ಯಪ ರಾಜ ಆ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ್ದ. ಒಂಬತ್ತು ಗಂಟೆಗೆ ಇಳಿದರು. ಉಳಿದವರು ಹೋಟೆಲ್‌ನಲ್ಲಿ ತಡವಾಗಿ ಎದ್ದು ತಿಂಡಿ ತಿಂದಿದ್ದರು. ಏಳು ಮಂದಿ ಹೋದರೆ ಏಳೂ ಮಂದಿ ಎಲ್ಲ ಕಡೆ ಹೋಗಬೇಕು ಎಂಬ ಹಠವನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಅದು ಪ್ರೀತಿಯಿಂದಲೇ ಬರುತ್ತದೆ, ಆದರೆ ಎಲ್ಲರನ್ನೂ ದಣಿಸುತ್ತದೆ.

ಹಬ್ಬ ಈ ಪ್ರವಾಸದ ದೊಡ್ಡ ವರವಾಯಿತು. ಹಳೆ ವರ್ಷ ಮುಗಿದು ಹೊಸದು ಹುಟ್ಟುವ ನಡುವೆ ‘ನೋನಗತೆ’ ಎಂಬ ಹೊತ್ತು ಇರುತ್ತದೆ. ಆಗ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ, ಕೆಲಸ ಮಾಡುವುದಿಲ್ಲ. ಆಮೇಲೆ ಜ್ಯೋತಿಷಿಗಳು ಹೇಳಿದ ಮುಹೂರ್ತಕ್ಕೆ ಒಲೆ ಹಚ್ಚಿ ಹೊಸ ಮಡಕೆಯಲ್ಲಿ ಹಾಲು ಉಕ್ಕಿಸುತ್ತಾರೆ. ಹೋಟೆಲ್ ಅಂಗಳದಲ್ಲಿ ಅಲ್ಲಿನ ಕೆಲಸಗಾರರು ಇದನ್ನೆಲ್ಲ ಮಾಡಿದಾಗ ಅಜ್ಜಿಯನ್ನೂ ಕರೆದು ಕೂರಿಸಿಕೊಂಡರು. ಕಿರಿಬತ್ ಅಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ತುಂಡು ಮಾಡಿ ಕೊಡುತ್ತಾರೆ. ಕೊಕಿಸ್ ಎಂಬ ಕರಿದ ತಿಂಡಿ, ಎಣ್ಣೆಯಲ್ಲಿ ಕರಿದ ಸಿಹಿ ಕವುಮ್. ಹೆಂಗಸರು ರಬಾನ ಎಂಬ ದೊಡ್ಡ ಚರ್ಮವಾದ್ಯದ ಸುತ್ತ ಕೂತು ಬಾರಿಸಿದರು. ಮಕ್ಕಳು ಅಲ್ಲಿನ ಮಕ್ಕಳ ಜೊತೆ ಹಗ್ಗ ಜಗ್ಗಿದರು. ಯುಗಾದಿ ಮುಗಿಸಿ ಬಂದವರಿಗೆ ಇನ್ನೊಂದು ಯುಗಾದಿ ಸಿಕ್ಕಿತು. ಅಪ್ಪ ಆ ದಿನ ಫೋನ್ ಬಂದ್ ಮಾಡಿ ಮಧ್ಯಾಹ್ನವೆಲ್ಲ ಮಲಗಿದರು. ಮೂರು ರಾತ್ರಿ ಒಂದೇ ಕಡೆ ಇದ್ದದ್ದರಿಂದ ಅಮ್ಮನ ಆಸೆಯೂ ತೀರಿತು.

ಊಟದ ವಿಷಯಕ್ಕೆ ಬರುತ್ತೇನೆ. ಸಸ್ಯಾಹಾರಿಗಳು ಶ್ರೀಲಂಕಾದಲ್ಲಿ ಹಸಿದಿರಬೇಕಿಲ್ಲ. ಪರಿಪ್ಪು ಅಂದರೆ ತೆಂಗಿನ ಹಾಲಿನ ಬೇಳೆ, ಹಲಸಿನ ಪಲ್ಯ, ಆಪ್ಪ ಎಂಬ ಅಕ್ಕಿ ದೋಸೆ, ಶಾವಿಗೆಯಂಥ ಇಡಿಯಪ್ಪ ಎಲ್ಲ ಕಡೆ ಸಿಗುತ್ತವೆ. ಎಚ್ಚರ ಬೇಕಾದದ್ದು ಪೊಲ್ ಸಂಬೋಲ್ ಎಂಬ ಕೊಬ್ಬರಿ ಚಟ್ನಿಯಲ್ಲಿ. ನೋಡಲು ನಮ್ಮ ಕೆಂಪು ಚಟ್ನಿಯ ಹಾಗೇ ಇರುತ್ತದೆ. ಆದರೆ ಬಹಳ ಕಡೆ ಅದರಲ್ಲಿ ಉಂಬಲಕಡ, ಅಂದರೆ ಮಾಲ್ಡೀವ್ಸ್‌ನ ಒಣ ಮೀನಿನ ಚೂರು ಬೀಳುತ್ತದೆ. ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. ಕೇಳಿದರೆ ವೆಜಿಟೇರಿಯನ್ ಅನ್ನುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಅವರಿಗೆ ಅದು ಮಸಾಲೆಯ ಲೆಕ್ಕ. ಮೊದಲ ದಿನವೇ ಅಮ್ಮ ಚಾಲಕನಿಂದ ಒಂದು ಚೀಟಿ ಬರೆಸಿಕೊಂಡರು. ಮಾಂಸ, ಮೀನು, ಮೊಟ್ಟೆ, ಉಂಬಲಕಡ ಬೇಡ ಎಂದು ಸಿಂಹಳದಲ್ಲಿ. ಪ್ರತಿ ಹೋಟೆಲ್‌ನಲ್ಲೂ ಅದನ್ನು ಅಡುಗೆಯವರ ಕೈಗೇ ಕೊಟ್ಟರು. ಸಣ್ಣ ಚೀಟಿ, ಆದರೆ ಅದರಿಂದ ಅಜ್ಜಿ ನೆಮ್ಮದಿಯಾಗಿ ಉಂಡರು.

ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಂದು ದೊಡ್ಡ ಚೀಲ ತುಂಬ ಒಯ್ದಿದ್ದರು. ಅದೂ ಈ ಪ್ರಕರಣದಲ್ಲಿ ಒಂದು ಪಾತ್ರ.

ರಂಬೊಡದ ತಿರುವು

16ರ ಬೆಳಿಗ್ಗೆ ಕ್ಯಾಂಡಿಯಿಂದ ಆರು ಗಂಟೆಗೇ ಹೊರಟರು. ನುವರ ಎಲಿಯದ ಗದ್ದಲಕ್ಕೆ ಮುಂಚೆ ದಾಟಬೇಕೆಂಬ ಲೆಕ್ಕ. ಅಷ್ಟು ಬೇಗ ಹೋಟೆಲ್‌ನಲ್ಲಿ ತಿಂಡಿ ಇರಲಿಲ್ಲ, ಪಾರ್ಸಲ್ ಕೊಟ್ಟರು. ಅಜ್ಜಿ ಡಬ್ಬಿ ತೆರೆದರೆ ಬ್ರೆಡ್ಡಿನ ನಡುವೆ ಮೊಟ್ಟೆ. ಚೀಟಿ ರಾತ್ರಿಯ ಅಡುಗೆಯವರಿಗೆ ಹೋಗಿತ್ತು, ಪಾರ್ಸಲ್ ಕಟ್ಟಿದವರು ಬೇರೆ. ಅಜ್ಜಿ ಯಾರಿಗೂ ಹೇಳದೆ ಡಬ್ಬಿ ಮುಚ್ಚಿಟ್ಟರು. ಸಕ್ಕರೆ ಮಾತ್ರೆಯನ್ನು ಮಾತ್ರ ಎಂದಿನ ಹೊತ್ತಿಗೆ ನುಂಗಿದರು. ರೊಟ್ಟಿಯ ಚೀಲ ವ್ಯಾನಿನ ಹಿಂಭಾಗದಲ್ಲಿ, ಎಲ್ಲ ಸೂಟ್‌ಕೇಸ್‌ಗಳ ಅಡಿಯಲ್ಲಿತ್ತು.

ರಂಬೊಡ ಹತ್ತಿರ ಏರು, ತಿರುವು ಜಾಸ್ತಿಯಾಯಿತು. ಸಣ್ಣವನು ವಾಂತಿ ಮಾಡಿಕೊಂಡ. ಎಲ್ಲರ ಗಮನ ಅವನ ಕಡೆ. ಅಜ್ಜಿ ಬೆವತು ಸುಮ್ಮನಾದದ್ದನ್ನು ಮೊದಲು ಕಂಡದ್ದು ದೊಡ್ಡವಳು. “ಅತ್ತೇ, ಅಜ್ಜಿ ಕೈ ನಡುಗ್ಲಾಕತ್ತದ ನೋಡು” ಅಂದಳು. ವ್ಯಾನ್ ನಿಲ್ಲಿಸಿದರು. ಅತ್ತೆ ಗ್ಲುಕೋಮೀಟರ್ ತೆಗೆದು ನೋಡಿದರೆ 62. 70ಕ್ಕಿಂತ ಕೆಳಗಿಳಿದರೆ ತಕ್ಷಣ ಸಕ್ಕರೆ ಕೊಡಬೇಕು. ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರು, 88. ಆಮೇಲೆ ಸಾಮಾನು ಇಳಿಸಿ ರೊಟ್ಟಿ ಚೀಲ ತೆಗೆದು ತಿನ್ನಿಸಿದರು. ದಾರಿ ಬದಿಯ ಚಹಾ ಅಂಗಡಿಯವರು ಬೆಂಚು ಹಾಕಿ ಕೊಟ್ಟರು, ಬಿಸಿ ನೀರು ಕೊಟ್ಟರು.

ತೀರ್ಮಾನ ಆಗಬೇಕಾದದ್ದು ಆ ಬೆಂಚಿನ ಮೇಲೆಯೇ. ಅಜ್ಜಿ ಚೇತರಿಸಿಕೊಂಡಿದ್ದರು. ಆದರೆ ಬಂಡಾರವೇಲಕ್ಕೆ ಇನ್ನೂ ಮೂರು ಗಂಟೆಗೂ ಜಾಸ್ತಿ ತಿರುವಿನ ದಾರಿ, ಹಬ್ಬದ ಟ್ರಾಫಿಕ್ ಬೇರೆ. ಅಪ್ಪನ ಮಾತು, ನಿಧಾನವಾಗಿ ಹೋಗೋಣ, ಹೋಟೆಲ್‌ಗೆ ಪೂರ್ತಿ ದುಡ್ಡು ಕೊಟ್ಟಾಗಿದೆ, ಹಬ್ಬದ ವಾರದಲ್ಲಿ ಒಂದು ಪೈಸೆ ವಾಪಸ್ ಬರುವುದಿಲ್ಲ. ಅತ್ತೆಯ ಮಾತು, ಇವತ್ತು ಹತ್ತಿರ ಎಲ್ಲಿ ರೂಮು ಸಿಗುತ್ತದೋ ಅಲ್ಲೇ ನಿಲ್ಲಬೇಕು, ಎರಡು ಹೊತ್ತಿನ ಊಟ ಸರಿಯಾಗಿ ಆಗಿ ಸಕ್ಕರೆ ನಿಂತ ಮೇಲೆಯೇ ಮುಂದಿನ ಮಾತು. ಅಪ್ಪನಿಗೆ ಸಿಟ್ಟು ಬಂತು. ಆದರೆ ಕಲಬುರಗಿಯಲ್ಲಿ ಕೊಟ್ಟ ಮಾತು ಇತ್ತಲ್ಲ. ಅಜ್ಜಿ “ನನ್ನ ಸಲುವಾಗಿ ಯಾಕ ನಿಂದರ್ತೀರಿ, ನಾ ಆರಾಮ ಅದೀನಿ” ಅನ್ನುತ್ತಲೇ ಇದ್ದರು. ಅಜ್ಜ ಒಂದೇ ಮಾತಿನಲ್ಲಿ ಮುಗಿಸಿದರು: “ಆಕಿ ಹಂಗ ಅನ್ನಾಕಿನೇ. ತಂಗಿ ಹೇಳಿದಂಗ ಮಾಡು.”

ನುವರ ಎಲಿಯದಲ್ಲಿ ರೂಮು ಸಿಗಲಿಲ್ಲ, ಸಿಕ್ಕಲ್ಲಿ ಬಾಡಿಗೆ ಕೇಳುವ ಹಾಗಿರಲಿಲ್ಲ. ಚಾಲಕ ಫೋನ್ ಮಾಡಿ ಮಾಡಿ ಹಕ್ಗಲ ಹತ್ತಿರ ಒಂದು ಮನೆಯಲ್ಲಿ ಎರಡು ಕೋಣೆ ಹೊಂದಿಸಿದರು. ಏಳು ಮಂದಿ ಎರಡು ಕೋಣೆಯಲ್ಲಿ, ಕಂಬಳಿ ಹೊದ್ದು. ಆ ಮನೆಯಾಕೆ ಬಿಸಿ ಅನ್ನ, ಬೇಳೆ ಮಾಡಿಕೊಟ್ಟರು. ಸೀತಮ್ಮನ ಗುಡಿ ಅಲ್ಲಿಂದ ಕೂಗಳತೆಯಲ್ಲಿತ್ತು. ಮೂಲ ಯೋಜನೆಯಂತೆ ಹೋಗಿದ್ದರೆ ನಡು ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಅರ್ಧ ಗಂಟೆ ಸಿಗುತ್ತಿತ್ತು. ಈಗ 17ರ ಬೆಳಿಗ್ಗೆ ತಿಂಡಿ ತಿಂದು, ಸಾವಕಾಶವಾಗಿ ಹೋದರು. ಗುಡಿ ಪಕ್ಕದ ಹಳ್ಳ, ಹನುಮನ ಹೆಜ್ಜೆ ಎಂದು ತೋರಿಸುವ ಬಂಡೆ, ಎದುರಿನ ಕಾಡು. ಅಜ್ಜಿ ಹಳ್ಳದ ನೀರಲ್ಲಿ ಕಾಲು ಇಳಿಬಿಟ್ಟು ಕೂತು ಸೀತೆಯ ಹಾಡೊಂದನ್ನು ಹಾಡಿದರು. ಆ ಹಾಡು ಅವರಿಗೆ ಬರುತ್ತದೆ ಎಂಬುದು ಸೊಸೆಗೂ ಗೊತ್ತಿರಲಿಲ್ಲವಂತೆ.

ಎರಡನೇ ತೀರ್ಮಾನ

ಹಕ್ಗಲದಲ್ಲಿ ಉಳಿದದ್ದಕ್ಕೆ ಬೆಲೆ ಇತ್ತು. ಒಂದು ರಾತ್ರಿ ಕಡಿಮೆಯಾಯಿತು. 17ರಂದು ಎರಡು ದಾರಿ ಇದ್ದವು. ಬಂಡಾರವೇಲ ಬಿಟ್ಟು ನೇರ ಮಿರಿಸ್ಸಕ್ಕೆ ಇಳಿದರೆ 18ರ ಮುಂಜಾನೆ ದೋಣಿ ಸಿಗುತ್ತದೆ, ತಿಮಿಂಗಿಲ ಉಳಿಯುತ್ತದೆ, ರೈಲು ಹೋಗುತ್ತದೆ. ಬಂಡಾರವೇಲದಲ್ಲಿ ತಂಗಿದರೆ ದಾರಿ ಎರಡು ದಿನಕ್ಕೆ ಹಂಚಿಕೆಯಾಗುತ್ತದೆ, ರೈಲು ಉಳಿಯುತ್ತದೆ, ತಿಮಿಂಗಿಲ ಹೋಗುತ್ತದೆ. 19ಕ್ಕೆ ಮಧ್ಯಾಹ್ನವೇ ವಿಮಾನ ಇದ್ದದ್ದರಿಂದ ಆ ಬೆಳಿಗ್ಗೆ ದೋಣಿ ಹತ್ತುವ ಹಾಗಿರಲಿಲ್ಲ.

ದೊಡ್ಡವರು ರಾತ್ರಿ ಹೊರಗೆ ಕೂತು ಮಾತಾಡಿದರು. ಅಜ್ಜಿಯನ್ನು ಒಂದೇ ದಿನ ಆರೇಳು ಗಂಟೆ ಕೂರಿಸುವುದು ಬೇಡ ಎಂದಾಯಿತು. ಬಂಡಾರವೇಲದ ಹೋಟೆಲ್‌ನವರು ಒಂದು ದಿನ ಮುಂದಕ್ಕೆ ಹಾಕಿಕೊಂಡರು, ಅದು ಅವರ ಒಳ್ಳೆಯತನ. ಮಿರಿಸ್ಸದ ಒಂದು ರಾತ್ರಿಯ ದುಡ್ಡು ಹೋಯಿತು. ಬೆಳಿಗ್ಗೆ ದೊಡ್ಡವಳಿಗೆ ವಿಷಯ ತಿಳಿಸಿದರು. ಅವಳು “ಆಯ್ತು” ಅಂದಳು.

ರೈಲು ತಡವಾಗಿ ಬಂದರೂ ಬಂತು. ಸೇತುವೆ ಮೇಲೆ ಹೋಗುವಾಗ ಸಣ್ಣವನು ಕಿಟಕಿಗೆ ಅಂಟಿಕೊಂಡು ಕಿರುಚಿದ. ಬಂಡಾರವೇಲದಿಂದ ಮಿರಿಸ್ಸದ ದಾರಿಯಲ್ಲಿ ತೊಂದರೆ ಏನೂ ಆಗಲಿಲ್ಲ. ರೊಟ್ಟಿ ಚೀಲ ಅಜ್ಜಿಯ ಕಾಲ ಬಳಿ ಇತ್ತು, ತಿಂಡಿಯಾಗದೆ ವ್ಯಾನ್ ಹೊರಡುವುದಿಲ್ಲ ಎಂದು ಅತ್ತೆ ನಿಯಮ ಮಾಡಿದ್ದರು. ಮಿರಿಸ್ಸದಲ್ಲಿ ಸಂಜೆ ಕೆಂಪು ಬಾವುಟ ಹಾರುತ್ತಿತ್ತು, ನೀರಿಗೆ ಮಂಡಿ ಮಟ್ಟ ಮಾತ್ರ ಇಳಿದರು. ಮರುದಿನ ಬೆಳಿಗ್ಗೆ ದಕ್ಷಿಣದ ಎಕ್ಸ್‌ಪ್ರೆಸ್‌ವೇ ಹಿಡಿದು ವಿಮಾನ ನಿಲ್ದಾಣ.

ಬಂದ ಮೇಲೆ

ಕಲಬುರಗಿಯಲ್ಲಿ ಎಲ್ಲರ ಜೊತೆ ಮತ್ತೆ ಕೂತಾಗ ನನಗೆ ಕೆಲವು ವಿಷಯ ಸ್ಪಷ್ಟವಾದವು.

ಹಾಸಿಗೆ ಬದಲಾವಣೆಯ ಲೆಕ್ಕ ಮೊದಲನೆಯದು. ಎಂಟರ ಜಾಗದಲ್ಲಿ ಐದು ಎಂದು ಹೊರಟು, ದಾರಿಯಲ್ಲಿ ಆರಾಯಿತು. ಹೊರಡುವಾಗ ಸಡಿಲು ಇದ್ದದ್ದರಿಂದಲೇ ಒಂದು ಹೆಚ್ಚಾದರೂ ಪ್ರವಾಸ ಮುರಿಯಲಿಲ್ಲ. ಎಂಟೂ ಊರು ಇದ್ದಿದ್ದರೆ ರಂಬೊಡದಲ್ಲಿ ನಿಂತ ಆ ಒಂದು ದಿನ ಮುಂದಿನ ಎಲ್ಲವನ್ನೂ ಕೆಡವುತ್ತಿತ್ತು.

ಸಕ್ಕರೆ ಇಳಿದದ್ದಕ್ಕೆ ತಿರುವುಗಳನ್ನು ದೂರಿದರೆ ಕಾರಣ ತಪ್ಪಿಹೋಗುತ್ತದೆ. ಮಾತ್ರೆ ಆಯಿತು, ತಿಂಡಿ ಆಗಲಿಲ್ಲ, ಅಷ್ಟೇ. ಸಕ್ಕರೆ ಕಾಯಿಲೆಯವರು ಇರುವ ಮನೆಯವರು ಬೆಳಿಗ್ಗೆ ಹೊರಡುವ ಹೊತ್ತನ್ನು ಟ್ರಾಫಿಕ್ ನೋಡಿ ಇಡಬಾರದು, ತಿಂಡಿ ನೋಡಿ ಇಡಬೇಕು. ಹೊರಡುವ ಮುಂಚೆ ತಮ್ಮ ಡಾಕ್ಟರ ಹತ್ತಿರ ಕೂತು, ಊಟ ತಪ್ಪಿದರೆ ಮಾತ್ರೆ ಏನು ಮಾಡಬೇಕೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಇನ್ನೊಂದು, ನಮ್ಮ ಹಿರಿಯ ಹೆಣ್ಣುಮಕ್ಕಳು ಹಸಿವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಅವರ ಡಬ್ಬಿ ಖಾಲಿಯಾಯಿತೇ ಎಂದು ನೋಡುವ ಕೆಲಸ ಯಾರದಾದರೂ ಒಬ್ಬರದಾಗಿರಬೇಕು. ಈ ಮನೆಯಲ್ಲಿ ಆ ದಿನ ಅದು ಯಾರದೂ ಆಗಿರಲಿಲ್ಲ.

ಕೊನೆಯ ಮಾತು ಯಾರದು ಎಂದು ಮೊದಲೇ ತೀರ್ಮಾನಿಸಿದ್ದು ಬಹಳ ದೊಡ್ಡ ಕೆಲಸ ಮಾಡಿತು. ಅಪ್ಪ ಅದನ್ನು ತಾವೇ ಹೇಳಿದರು. ಆ ಬೆಂಚಿನ ಮೇಲೆ ತಂಗಿಯ ಜೊತೆ ವಾದಕ್ಕೆ ನಿಂತಿದ್ದರೆ ತಾನೇ ಗೆಲ್ಲುತ್ತಿದ್ದೆ, ದೊಡ್ಡವನು ಎಂಬ ಒಂದೇ ಕಾರಣಕ್ಕೆ, ಎಂದರು.

ದೊಡ್ಡವಳ ಮಾತು ಕೊನೆಗೆ ಬಂತು. ತಿಮಿಂಗಿಲ ಹೋಯಿತಲ್ಲ, ಬೇಜಾರಾಯಿತೇ ಎಂದು ಕೇಳಿದೆ. “ಕೇಳಿದ್ರ ನಾನೇ ಬ್ಯಾಡ ಅಂತಿದ್ದೆ. ಅಜ್ಜಿ ಕೈ ನಡಗೂದು ಮೊದ್ಲ ನೋಡಿದಾಕಿ ನಾನೇ ಅಲ್ಲೇನು? ಆದ್ರ ಯಾರೂ ಕೇಳಲಿಲ್ಲ, ಹೇಳಿದ್ರು” ಅಂದಳು. ಕೋಣೆಯಲ್ಲಿ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಅವಳ ಮಾತು ಸರಿ ಎಂದೇ ನನ್ನ ಅಭಿಪ್ರಾಯ. ಕಲಬುರಗಿಯಲ್ಲಿ ಖಾಲಿ ಹಾಳೆ ಮುಂದೆ ಅವಳಿಗೆ ಎಲ್ಲರಷ್ಟೇ ಜಾಗ ಇತ್ತು. ಹಕ್ಗಲದ ಆ ರಾತ್ರಿ ಇರಲಿಲ್ಲ. ಆಸೆ ಕೇಳುವಾಗ ಮಕ್ಕಳನ್ನು ಕೂರಿಸಿಕೊಂಡವರು ಆಸೆ ಬಿಡುವ ಹೊತ್ತಿನಲ್ಲೂ ಕೂರಿಸಿಕೊಳ್ಳಬೇಕಿತ್ತು. ತೀರ್ಮಾನ ಅದೇ ಆಗುತ್ತಿತ್ತು, ಆದರೆ ಅದರಲ್ಲಿ ಅವಳ ಪಾಲೂ ಇರುತ್ತಿತ್ತು.

ಮುಂದಿನ ವರ್ಷ ಅವಳ ಎಸ್‌ಎಸ್‌ಎಲ್‌ಸಿ. ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್ ಮೊದಲ ವಾರ, ಅಪ್ಪ ಮಗಳು ಇಬ್ಬರೇ ಮಿರಿಸ್ಸಕ್ಕೆ ಹೋಗುವುದೆಂದು ಮಾತಾಗಿದೆ. ಮೂರು ರಾತ್ರಿ, ಒಂದೇ ರೂಮು, ಹೊಸ ವರ್ಷದ ಗದ್ದಲಕ್ಕೆ ಮುಂಚೆ ವಾಪಸ್. ದೋಣಿ ಮೊದಲ ಬೆಳಿಗ್ಗೆಗೆ. ಕಡಲು ಒರಟಾಗಿದ್ದರೆ ಎರಡನೇ ಬೆಳಿಗ್ಗೆಯೂ ಕೈಯಲ್ಲಿರುತ್ತದೆ. ಆ ಯೋಜನೆಯನ್ನು ಅವಳೇ ಬರೆದು ನನಗೆ ತೋರಿಸಿದಳು, ತಿದ್ದಲು ಏನೂ ಇರಲಿಲ್ಲ.